ಮೂರು ಕೊಡ, ಎರಡು ಪಾದ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಸುತ್ತೋಲೆಯನ್ನು ಪಾಲಿಸಿ ನನ್ನ ತಂಗಿ ಚನ್ನವ್ವನ ಚಿತ್ರವನ್ನು ಕತ್ತರಿಸಿದವನು ನಾನೇ. ಕತ್ತರಿಸಿದ ತುಂಡುಗಳನ್ನು ಈಗ ನಿಮ್ಮ ಕಚೇರಿ ಕೊಡುತ್ತಿಲ್ಲ.

ಪರೇಲಿನ ನಮ್ಮ ಕನ್ನಡ ಶಾಲೆಯ ಮಕ್ಕಳ ಚಿತ್ರಪ್ರದರ್ಶನಕ್ಕೆ ಈ ವರ್ಷ ಹಾಲ್ ಸಿಗಲಿಲ್ಲ. ಚಿತ್ರಗಳನ್ನು ವಿಡಿಯೋ ಮಾಡಿ ಕೇಬಲ್ ಟಿ.ವಿ.ಯಲ್ಲಿ ತೋರಿಸೋಣ, ಮನೆಮನೆಯಲ್ಲೂ ಪ್ರದರ್ಶನವಾಗಲಿ ಎಂದಿರಿ. ಯೋಚನೆ ನನಗೂ ಹಿಡಿಸಿತ್ತು. ಆದರೆ ‘ಪರದೆಯಲ್ಲಿ ಖಾಲಿ ಜಾಗ ಕಾಣಕೂಡದು’ ಎಂಬ ಸಾಲನ್ನು ಸೇರಿಸಿದ ಮಹನೀಯರು ಯಾರು? ಟಿ.ವಿ. ಇರುವುದು ಅಡ್ಡಕ್ಕೆ; ಉದ್ದ ಚಿತ್ರ ಹಿಡಿದರೆ ಎರಡೂ ಬದಿ ಖಾಲಿ ಉಳಿಯುತ್ತದೆ. ನಿಂತ ಮನುಷ್ಯರನ್ನು ಬರೆದ ಮಕ್ಕಳು ಏನು ಮಾಡಬೇಕಿತ್ತು? ಎಲ್ಲರನ್ನೂ ಮಲಗಿಸಬೇಕಿತ್ತೇ?

ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ನಾನು ವಿಡಿಯೋ ತೆಗೆದ ದಿನ ಅದೇ ಶಾಲೆಗೆ ಕೂಲಿಗೆ ಹೋಗಿದ್ದೆ, ಕ್ಯಾಮೆರಾದ ಮುಂದೆ ಚಿತ್ರ ಹಿಡಿಯಲು. ಚನ್ನವ್ವನ ಚಿತ್ರದಲ್ಲಿ ನಮ್ಮ ಅವ್ವ ಸುಂದ್ರವ್ವ ತಲೆಯ ಮೇಲೆ ಮೂರು ಕೊಡ ಹೊತ್ತು, ಒಂದು ಕೈ ಮೇಲೆತ್ತಿ ಹಿಡಿದು, ಚಾಳಿನ ಮೆಟ್ಟಿಲ ಮೇಲೆ ನಿಂತಿದ್ದಳು. ಕ್ಯಾಮೆರಾದ ಸದಾನಂದಣ್ಣ ಕತ್ತರಿ ಚಾಚಿದರು.

“ಕೊಡ ಇಡ್ಬೇಕಾ, ಕಾಲು ಇಡ್ಬೇಕಾ? ಜಲ್ದಿ ಹೇಳು ಮಾರಾಯ, ಬ್ಯಾಟರಿ ಖತಂ ಆಗ್ತದೆ.”

“ಅವ್ವನ ಮಾರಿ ಇರ್ಲಿ ಅಣ್ಣಾ,” ಎಂದೆ. ಮೇಲೊಂದು, ಕೆಳಗೊಂದು ತುಂಡು ಕತ್ತರಿಸಿದೆ. ಯಾರೂ ನನ್ನ ಕೈ ಹಿಡಿದು ಕತ್ತರಿಸಲಿಲ್ಲ. ಇದನ್ನು ಬರೆಯದಿದ್ದರೆ ನನ್ನ ಪತ್ರ ಸುಳ್ಳಾಗುತ್ತದೆ.

ಭಾನುವಾರ ಇಡೀ ಚಾಳು ಟಿ.ವಿ. ಮುಂದೆ ಕೂತಿತ್ತು. ಪರದೆಯ ಮೇಲೆ ಅವ್ವ ಬಂದಳು, ಬರಿಗೈಯನ್ನು ಮೇಲೆತ್ತಿಕೊಂಡು. ಪಕ್ಕದ ಖೋಲಿಯ ಗದಿಗೆಪ್ಪಕಾಕಾ ನಕ್ಕರು: “ಸುಂದ್ರವ್ವಾ, ಲೋಕಲ್ ಟ್ರೇನಿನ್ಯಾಗ ಹಿಡಕಿ ಹಿಡಕೊಂಡು ನಿಂತೀಯೇನ?” ಅವ್ವನೂ ನಕ್ಕಳು: “ಮೂರು ಕೊಡ ಇಳಿಸ್ಯಾರ ಬಿಡ್ರಿ, ಹಗುರ ಆತು.” ಚನ್ನವ್ವ ಮಾತ್ರ ನಗಲಿಲ್ಲ. ಶಾಲೆಯಿಂದ ಮರಳಿ ಬಂದ ನಡುವಿನ ತುಂಡನ್ನು ಗೋಡೆಗೆ ಮುಖಮಾಡಿ ಇಟ್ಟಿದ್ದಾಳೆ. “ಉಳಿದದ್ದು ಎಲ್ಲಿ, ಅಣ್ಣಾ?” ಎಂದು ಒಮ್ಮೆ ಕೇಳಿದಳು. ಆಮೇಲೆ ಪೆನ್ಸಿಲ್ ಮುಟ್ಟಿಲ್ಲ.

ಉಳಿದ ತುಂಡುಗಳನ್ನು ನಿಮ್ಮವರು ಕಚೇರಿಗೆ ಒಯ್ದಿದ್ದರು. ಅವನ್ನು ಕೇಳಲು ಮೂರು ಸಲ ಬಂದೆ. “ನೀನು ವಿದ್ಯಾರ್ಥಿಯೇ? ಪಾಲಕನೇ? ಹಾಗಾದರೆ ಯಾರು?” ಎಂದರು ಗುಮಾಸ್ತರು. ಏನೆಂದು ಹೇಳಲಿ? ಕತ್ತರಿಸುವಾಗ ಯಾರೂ ಇದನ್ನು ಕೇಳಿರಲಿಲ್ಲ. ತುಂಡುಗಳೆಲ್ಲ ಮೆಟ್ಟಿಲ ಕೆಳಗಿನ ಗೋಣಿಚೀಲದಲ್ಲಿವೆ, ಶನಿವಾರ ರದ್ದಿಯವನು ಬರುತ್ತಾನೆ ಎಂದು ಜವಾನರು ಪಿಸುಗುಟ್ಟಿದರು.

ಶನಿವಾರದ ಮೊದಲು ಆ ಚೀಲ ಬಿಚ್ಚಿಸಿ. ಗುರುತು ಹೇಳುತ್ತೇನೆ: ಒಂದರಲ್ಲಿ ಮೂರು ಕೊಡ, ಮೇಲಿನದು ಸ್ವಲ್ಪ ಸೊಟ್ಟ. ಇನ್ನೊಂದರಲ್ಲಿ ಒದ್ದೆ ಮೆಟ್ಟಿಲು, ಎರಡು ಪಾದ, ಎಡಗಾಲಿನ ಕಿರುಬೆರಳಿಗೆ ಬಟ್ಟೆಯ ಪಟ್ಟಿ. ಅಂಟಿಸಿದರೂ ಗೆರೆ ಉಳಿಯುತ್ತದೆ, ಗೊತ್ತು. ಉಳಿಯಲಿ.

ಇಂತಿ,
ನೇರವಾಗಿ ಕತ್ತರಿಸಿದನೆಂದು ನಿಮ್ಮವರಿಂದ ಹೊಗಳಿಸಿಕೊಂಡ,
ಕಾಶಪ್ಪ
ಪರೇಲ್, ಜನವರಿ ೧೯೯೨