ಉರಿಯದೆ ಉಳಿದ ಬೋರಾನ್

ನೆಜಿಹೆ,

ನೀನು ತೀರಿಕೊಂಡು ಆರು ತಿಂಗಳಾಯಿತು. ಮಣ್ಣಿಗೂ ನಾನು ಬರಲಿಲ್ಲ. ಈಗ ಈ ಪತ್ರವನ್ನು ಯಾರ ವಿಳಾಸಕ್ಕೆ ಹಾಕಲಿ?

ಇವತ್ತು ಬೆಳಿಗ್ಗೆ ಎಸ್ಕಿಶೆಹಿರ್‌ನ ನಮ್ಮ ಹಳೆಯ ಪ್ರಯೋಗಾಲಯದಿಂದ ಬಿರ್ಸೆನ್ ಎಂಬ ಸಂಶೋಧಕಿ ಮನೆಗೆ ಬಂದಿದ್ದಳು. ಬೋರಾನ್ ಉರಿದಾಗ ಹೊಮ್ಮುವ ಶಾಖವನ್ನು ಅವಳು ಹೊಸದಾಗಿ ಅಳೆದಿದ್ದಾಳೆ. ಮೂವತ್ತು ವರ್ಷ ನನ್ನ ಹೆಸರಿನಲ್ಲಿ ಅಚ್ಚಾಗುತ್ತ ಬಂದ ಅಂಕಿ ತಪ್ಪಂತೆ.

"ಬೇಜಾರು ಮಾಡ್ಕೋಬೇಡಿ ಹೋಜಾ, ನೀವು ನಮಗೆಲ್ಲ ಗುರುಗಳು. ಉರಿಯುವಾಗ ಮೇಲೆ ಗಾಜಿನಂಥ ಪದರ ಕಟ್ಕೊಳ್ಳತ್ತಲ್ಲ, ಅದರೊಳಗೆ ಒಂದಿಷ್ಟು ಬೋರಾನ್ ಹಾಗೇ ಉಳ್ಕೊಂಡಿತ್ತು. ನೀವು ಪೂರ್ತಿ ಉರೀತು ಅಂದ್ಕೊಂಡ್ರಿ," ಎಂದಳು.

ಆಗ ನನ್ನ ಸಹಾಯಕಿಯಾಗಿದ್ದ ನೀನು ಇದೇ ಮಾತು ಹೇಳಿದ ದಿನ ನಾನು ಎಲ್ಲರೆದುರು ನಕ್ಕಿದ್ದೆ. "ಮೊದ್ಲು ಮೂಸೆ ತೊಳೆಯೋದು ಕಲಿ, ಆಮೇಲೆ ನನಗೆ ಪಾಠ ಹೇಳುವಿಯಂತೆ, ನೆಜಿಹೆ ಹಾನಿಂ!" ಆ 'ಹಾನಿಂ' ಎಂಬ ಮರ್ಯಾದೆಯ ಮಾತನ್ನೂ ವ್ಯಂಗ್ಯಕ್ಕೇ ಸೇರಿಸಿದ್ದೆ. ಮರುವಾರವೇ ನೀನು ಕುತಾಹ್ಯದ ಶಾಲೆಯೊಂದಕ್ಕೆ ಟೀಚರಾಗಿ ಹೋದೆ. ಹೋಗುವ ಮುಂಚೆ ಒಮ್ಮೆಯಾದರೂ ಜಗಳವಾಡಬಾರದಿತ್ತೇ? ಅಷ್ಟು ಸುಲಭವಾಗಿ ನನ್ನನ್ನು ಗೆಲ್ಲಲು ಬಿಟ್ಟೆಯಲ್ಲ.

ಬಿರ್ಸೆನ್ ಚೀಲದಿಂದ ಪ್ರಯೋಗಾಲಯದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದಳು. ಹೆಸರಿಲ್ಲದ ಪುಸ್ತಕ, ನಿನ್ನ ಬರಹ. ಅವಳಿಗೆ ಈಗ ಸಿಕ್ಕಿದ ಅಂಕಿ ಅದರಲ್ಲಿ ಪೆನ್ಸಿಲ್ಲಿನಲ್ಲಿತ್ತು.

"ಇದು ಯಾರ ಕೈಬರಹ ಹೋಜಾ? ನನ್ನ ಲೇಖನದಲ್ಲಿ ಮೊದಲು ಅವರ ಹೆಸರೇ ಬರ್ಬೇಕು."

ನಾನು ಪುಟ ತಿರುವಿ, ಕನ್ನಡಕ ಒರೆಸಿ, ಮತ್ತೆ ನೋಡಿದೆ.

"ನೆನಪಿಲ್ಲಮ್ಮ. ಎಷ್ಟೋ ಜನ ಬಂದುಹೋದರು," ಎಂದೆ.

ಅವಳು ಚಹಾ ಮುಗಿಸಿದಳು. ಬಾಗಿಲಲ್ಲಿ ಬಗ್ಗಿ, ಹಿರಿಯರಿಗೆ ಗೌರವ ತೋರುವಂತೆ ನನ್ನ ಕೈಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು ಹೊರಟುಹೋದಳು.