ಕಡಲ ಮರಳಿನಲ್ಲಿ ಬಿಟ್ಟುಬಂದ ಕೆಂಚ

ಮಾಕಳಿದುರ್ಗದ ಕೆಳಗಿನ ತವರುಮನೆಯಿಂದ
೧೮-೫-೧೯೭೧

ಪಾಪಯ್ಯನ ತಂದೆಯವರಿಗೆ ಕದಿರಮ್ಮನ ನಮಸ್ಕಾರಗಳು.

ಕಾಗದದ ಮೊದಲಿಗೆ ಕ್ಷೇಮವೆಂದು ಬರೆಯಬೇಕು ಎಂದು ಮೇಷ್ಟ್ರು ಕಲಿಸಿದ್ದರು. ಮಗು ಕ್ಷೇಮ. ನಾನು ಕೋಪದಲ್ಲಿದ್ದೇನೆ. ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂದು ನಿಮಗೆ ಗೊತ್ತು, ಅದನ್ನೇ ನೀವು ಅನುಕೂಲ ಮಾಡಿಕೊಂಡಿರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಏನು ಬರೆದಾಳು ಎಂದೂ ಅಂದುಕೊಂಡಿರಬಹುದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ತರಕಾರಿ ಮಂಡಿಯವರ ಕೈಯಲ್ಲಿ ಓದಿಸಬೇಡಿ.

ಎರಡು ವರ್ಷ ತುಂಬಿದರೂ ಪಾಪಯ್ಯ ಹೆಜ್ಜೆ ಇಡಲಿಲ್ಲವೆಂದು ನಿಮ್ಮ ತಾಯಿಯವರು ಅವನನ್ನು ಹೊಸಕೋಟೆಯ ಹೊಳೆ ಮರಳಿನಲ್ಲಿ ಸೊಂಟದವರೆಗೆ ಹೂತು ನಿಲ್ಲಿಸಿದರು. ಹಾಗೆ ಮಾಡಿದರೆ ಕಾಲು ಬಲಿಯುತ್ತದೆ ಎಂದು ನಮ್ಮ ಕಡೆಯೂ ಹೇಳುತ್ತಾರೆ, ನಾನು ಬೇಡ ಅನ್ನಲಿಲ್ಲ. ಆಮೇಲೆ ಮದರಾಸಿನಿಂದ ನಿಮ್ಮ ಅಕ್ಕ ಅಕ್ಕಯಮ್ಮನವರು, ಕಡಲ ಮರಳಿನ ಕಾವೇ ಬೇರೆ, ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದರು. ನೀವು ಹುರುಳಿಕಾಯಿ ಹೇರಿಕೊಂಡು ಹೊರಟ ಲಾರಿಯಲ್ಲಿ ನಾನು, ಮಗು ಬಂದೆವು. ನಮ್ಮ ನಾಯಿ ಕೆಂಚನನ್ನು ಹತ್ತಿಸಿದ್ದು ನೀವೇ. ಮೂಟೆಗಳಿಗೆ ಕಾವಲು ಅಂದಿರಿ.

ಆ ಕಡಲು ನನಗೆ ಎಷ್ಟು ಹಿಡಿಸಿತ್ತು, ಅದನ್ನೂ ಹೇಳಬೇಕು. ಅಷ್ಟು ಮರಳು ಒಂದೇ ಕಡೆ ಬಿದ್ದಿರುವುದನ್ನು ನಾನು ಕಂಡಿರಲಿಲ್ಲ. ನೀರಂಚಿನಲ್ಲಿ ಮಗು ಹಿಡಿ ಹಿಡಿ ಹಸಿ ಮರಳು ತೆಗೆದು ಕೆಂಚನ ಬೆನ್ನಿಗೆ ಸುರಿದು ಕೇಕೆ ಹಾಕುತ್ತಿತ್ತು. ಕೆಂಚ ಮೈ ಕೊಡವಿ, ಗುಂಡಿ ತೋಡಿ, ಆ ಗುಂಡಿಯಲ್ಲಿ ತಾನೇ ಕೂರುತ್ತಿದ್ದ. ಬೆಳಿಗ್ಗೆಯೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ನೀವು ಲೋಡು ಇಳಿಸಿ, ಊಟ ಮಾಡಿ, ಸುಡುಬಿಸಿಲಿನಲ್ಲಿ ಕರೆದುಕೊಂಡು ಹೋದಿರಿ. ಒಣ ಮರಳಿನ ಮೇಲೆ ಮಗುವಿನ ಕಾಲಿಟ್ಟರೆ ಚೀರಿತು. ನಾಯಿ ಒಂದೊಂದೇ ಪಾದ ಎತ್ತಿ ಕುಣಿಯಿತು. ಕುಡಿಯುವ ನೀರಿನ ತಂಬಿಗೆ ಲಾರಿಯಲ್ಲೇ ಉಳಿದಿದೆ, ತರುತ್ತೇನೆ ಅಂದರೆ, "ಎದುರಿಗೇ ಇಷ್ಟು ನೀರದೆ, ತಂಬಿಗೆ ಯಾಕೆ?" ಎಂದು ನಕ್ಕಿರಿ. ಕೆಂಚ ನಿಮ್ಮ ಮಾತು ನಂಬಿದವನ ಹಾಗೆ ಆ ಉಪ್ಪುನೀರನ್ನು ಗಟಗಟ ಕುಡಿದ.

ಒಣ ಮರಳು ಸುಡುತ್ತದೆ, ಹೂತರೆ ಕುಸಿಯುತ್ತದೆ ಎಂದು ನೀವು ನೀರಿನ ಪಕ್ಕದ ಹಸಿ ಮರಳು ತೋಡಿ ಮಗುವನ್ನು ಸೊಂಟದವರೆಗೆ ಹೂತಿರಿ. ನೀರಿನಿಂದ ಇನ್ನಷ್ಟು ದೂರಕ್ಕೆ, ಮೇಲುಗಡೆ ಹೂಳಿ ಅಂದೆ. ನೀವು ನಿಮ್ಮ ಭಾವ ಚಿನ್ನಸ್ವಾಮಿಯವರ ಮುಂದೆಯೇ, "ಸುಮ್ನಿರೇ, ನಮ್ ಕೆರೆ ನೀರು ಯಾವತ್ತಾದ್ರೂ ಎದ್ದು ಮೇಲಕ್ ಬಂದಿದ್ ಕಂಡಿದ್ದೀಯಾ? ಇದ್ದ ಕಡೇನೇ ಇರ್ತದೆ" ಅಂದಿರಿ. ನಾವು ಕೆರೆ ಕಂಡ ಜನ, ಕಡಲು ಕಂಡವರಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿರುವವರ ಹಾಗೆ ಮಾತಾಡಿದ್ದು ತಪ್ಪು. ಪಕ್ಕದಲ್ಲಿ ನಿಂತ ನಿಮ್ಮ ಭಾವ ಮದರಾಸಿನವರೇ ಆಗಿದ್ದೂ ಹಲ್ಲು ಕಿರಿದರೇ ಹೊರತು ಒಂದು ಮಾತು ಹೇಳಲಿಲ್ಲ.

ಅಕ್ಕಯಮ್ಮನವರು ಎಳನೀರು ಕುಡಿದು ಬರೋಣ ಎಂದು ನನ್ನ ಕೈ ಎಳೆದರು. ನಾನು ಹಿಂದೆ ಹಿಂದೆ ನೋಡುತ್ತಿದ್ದುದಕ್ಕೆ, "ಬಾಮ್ಮಾ, ಅವ್ನೇನು ಮಗೂನ ಮಾರ್ಕೊಂಡು ಹೋಗ್ತಾನಾ?" ಎಂದು ಹಾಸ್ಯ ಮಾಡಿದರು. ನೀವೂ "ನಾನಿದ್ದೀನಿ ಹೋಗು" ಅಂದಿರಿ. ನಾನಿದ್ದೀನಿ! ನಾನು ತಿರುಗಿ ಬಂದಾಗ ನೀವು ಎಲ್ಲಿದ್ದಿರಿ? ದೂರದಲ್ಲಿ ದೋಣಿಯ ಮರ ತಟ್ಟಿ ತಟ್ಟಿ, ಇದು ಎಷ್ಟು ಭಾರ ಹೊರುತ್ತದೆ ಎಂದು ಭಾವನನ್ನು ಕೇಳುತ್ತಿದ್ದಿರಿ. ಅಲೆ ಮಗುವಿನ ಎದೆಗೆ ಬಂದು ಹೊಡೆಯುತ್ತಿತ್ತು. ಕಾಲು ಹೂತಿದೆ, ಎಲ್ಲಿಗೆ ಓಡೀತು? ಕೆಂಚ ಒಂದು ಸಲ ಮರಳು ಕೆದರುವುದು, ಒಂದು ಸಲ ಅಂಗಿಯ ಕೊರಳುಪಟ್ಟಿ ಕಚ್ಚಿ ಮೇಲಕ್ಕೆ ಎಳೆಯುವುದು. ನಾನು ಬಿದ್ದು ಎದ್ದು ಓಡಿ ಬರುವಷ್ಟರಲ್ಲಿ ಇನ್ನೊಂದು ಅಲೆ ಬಂದು ಮಗುವಿನ ಬಾಯಿಗೆ ನೀರು ಹೋಗಿತ್ತು. ನಾನೂ ಕೆಂಚನೂ ಸೇರಿ ಎಳೆದು ತೆಗೆದೆವು. ಅಷ್ಟು ಹೊತ್ತಿಗೆ ನೀವು ಓಡಿ ಬಂದಿರಿ.

ಬಂದವರು ಮಾಡಿದ್ದೇನು? ನಾಯಿಯ ಬಾಯಲ್ಲಿ ಮಗುವಿನ ಅಂಗಿ ನೋಡಿ ಚಪ್ಪಲಿ ಕಿತ್ತು ಹೊಡೆದಿರಿ. ಅದರ ಬಾಯಲ್ಲಿ ನೊರೆ ಬರುತ್ತಿತ್ತು. "ಹುಚ್ಚು ಹಿಡ್ದದೆ, ಮಗೂನ ಕಚ್ಚೈತೆ" ಎಂದು ಕೂಗಿದಿರಿ. ಸೇರಿದ ಜನ ಕಲ್ಲು ಹುಡುಕಿದರು. ಉಪ್ಪುನೀರು ಕುಡಿದು ನಾಯಿ ನೊರೆ ಕಕ್ಕಿತು. ಪಾಪಯ್ಯನೂ ಲಾರಿಯಲ್ಲಿ ನನ್ನ ಮಡಿಲ ತುಂಬ ಕಕ್ಕಿದ. ಅವನಿಗೂ ಹುಚ್ಚೇನು? ಮಗುವಿನ ಮೈಯೆಲ್ಲ ತೊಳೆದು ನೋಡಿದೆ, ಡಾಕ್ಟರಿಗೂ ತೋರಿಸಿದೆ. ಒಂದು ಗೀರೂ ಇಲ್ಲ. ಹಲ್ಲಿನ ತೂತುಗಳಿರುವುದು ಕೊರಳುಪಟ್ಟಿಯಲ್ಲಿ. ಆ ಅಂಗಿಯನ್ನು ಹೊಲಿಯದೆ ಇಟ್ಟಿದ್ದೇನೆ.

ಅವನನ್ನು ಹತ್ತಿಸಿಕೊಳ್ಳದೆ ಲಾರಿ ಹೊರಟಾಗ ಕೆಂಚ ಕುಂಟುತ್ತಾ ಹಿಂದೆ ಓಡಿ ಬಂದ. ನಾನು ನಿಮ್ಮ ತೋಳು ಜಗ್ಗಿದೆ. ನೀವು ರಸ್ತೆ ನೋಡುತ್ತಲೇ ಇದ್ದಿರಿ.

ಮನೆಗೆ ಬಂದ ಮೇಲೆ ನಿಮ್ಮ ತಾಯಿಯವರು ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ, "ಮಗೂನ ನೀರ್ ಪಾಲು ಮಾಡಿ ಬತ್ತಿದ್ಲು, ಇವ್ಳೂ ಒಬ್ಳು ತಾಯಿ!" ಎಂದು ಬೈದರು. ನೀವು ಜಗಲಿಯ ಮೇಲೆ ಕೂತು ಮಿಣಿಹಗ್ಗ ಹೊಸೆಯುತ್ತಿದ್ದಿರಿ. ತಲೆ ಎತ್ತಲಿಲ್ಲ. ಮಾರನೆಯ ದಿನ ನಾನು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದ್ದು ಅದಕ್ಕೆ. ಬೈಗುಳಕ್ಕಲ್ಲ.

ಅಣ್ಣ ಮುನಿಶಾಮಪ್ಪ, ಬೇಕಾದರೆ ತಾನು ಬಂದು ಮಾತಾಡುತ್ತೇನೆ ಅಂದ. ಬೇಡ ಅಂದೆ. ಮುಂದಿನ ಲೋಡಿಗೆ ಹೋದಾಗ ಅದೇ ಜಾಗಕ್ಕೆ ಹೋಗಿ. ಬಿಸಿಲೇರುವ ಮುಂಚೆ ಹೋಗಿ, ತಂಬಿಗೆಯಲ್ಲಿ ಸಿಹಿನೀರು ಇರಲಿ. ಲಾರಿಯ ಹಾರನ್ ಅವನಿಗೆ ಗೊತ್ತು, ಹೊಡೆಯಿರಿ. ಬರದಿದ್ದರೆ ಇನ್ನೂ ಹೊಡೆಯಿರಿ. ಹುಡುಕದೆ ಬಂದು, ಸಿಗಲಿಲ್ಲ ಅನ್ನಬೇಡಿ. ಕೆಂಚನನ್ನು ಕರೆತಂದ ದಿನ ನಾನೂ ಬರುತ್ತೇನೆ. ಮಗುವಿಗೆ ನಡೆಯುವುದು ಬಂದಾಗ ಬರುತ್ತದೆ. ಅದನ್ನು ಇನ್ನು ಯಾವ ಮರಳಿನಲ್ಲೂ ಹೂಳಲು ನಾನು ಬಿಡುವುದಿಲ್ಲ. ಆಡಲು ಬೇಕಾದರೆ ಕರೆದುಕೊಂಡು ಹೋಗೋಣ. ನೀರಿಗೆ ದೂರ ಕೂರಿಸಿ, ಒಬ್ಬರು ಕಣ್ಣು ತೆಗೆಯದೆ ಪಕ್ಕದಲ್ಲೇ ಕೂರಬೇಕು. ಆ ಒಬ್ಬರು ನೀವಾಗಬಾರದು, ಸದ್ಯಕ್ಕೆ.

ಇನ್ನೂ ನಿಮ್ಮವಳೇ ಆಗಿರುವ,
ಕದಿರಮ್ಮ

ಮೇಲೆ ಬರೆಯದೆ ಬಿಟ್ಟಿದ್ದು: ಮಗುವಿನ ಪಕ್ಕದಲ್ಲಿ ಇದ್ದವಳು ನಾನು ಎಂದು ನಿಮ್ಮ ತಾಯಿಯವರಿಗೆ ಹೇಳಿದ್ದು ನಾನೇ. ದಾರಿಯುದ್ದಕ್ಕೂ ನೀವು ಸ್ಟೇರಿಂಗಿನಿಂದ ಒಂದು ಕೈ ತೆಗೆದು ತೆಗೆದು ಮಗುವಿನ ಎದೆ ಮುಟ್ಟಿ ನೋಡುತ್ತಿದ್ದಿರಿ, ಅದನ್ನು ಕಾಣಲಾರದೆ ಹೇಳಿಬಿಟ್ಟೆ. "ಅಲ್ಲ ಕಣವ್ವಾ, ನಾನಿದ್ದೆ" ಎಂದು ನೀವು ಈಗ ಅಂತೀರಿ, ಈಗ ಅಂತೀರಿ ಎಂದು ಮಿಣಿ ಹೊಸೆದು ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಕೆಂಚನನ್ನು ಇಳಿಸುವಾಗ ನಿಮ್ಮ ತಾಯಿಯವರ ಮುಂದೆಯೇ ಇಳಿಸಿ, ಆ ಮಾತನ್ನೂ ಹೇಳಿ.