ನನ್ನ ತಂಗಿಯ ದನಿ ನಿಮ್ಮ ವಾರಂಟಿಗೆ ಬರುವುದಿಲ್ಲವೇ?

ಕಂಪ್ಯೂಟರ್ ಕಂಪನಿಯ ವಾರಂಟಿ ವಿಭಾಗದ ಮುಖ್ಯಸ್ಥರೇ,

ಚಾರ್ಜಿಂಗ್ ಸಾಕೆಟ್ ಕೆಟ್ಟ ಲ್ಯಾಪ್‌ಟಾಪೊಂದನ್ನು ರಿಪೇರಿ ಮಾಡಲು ನಿಮ್ಮ ಹುಬ್ಬಳ್ಳಿಯ ಸರ್ವಿಸ್ ಸೆಂಟರ್ ನಿರಾಕರಿಸಿದೆ. ವಿಸ್ತರಿತ ವಾರಂಟಿಯ ಅವಧಿ ಇನ್ನೂ ಮುಗಿದಿಲ್ಲ. ಲ್ಯಾಪ್‌ಟಾಪಿನೊಳಗೆ ಹಳೆಯ ಆಪರೇಟಿಂಗ್ ಸಿಸ್ಟಮ್ ಇದೆ ಎಂಬುದೇ ಅದರ ಅಪರಾಧ. ಕರೆಂಟ್ ಹೋಗುವ ತೂತಿಗೂ ಒಳಗಿನ ಸಾಫ್ಟ್‌ವೇರಿಗೂ ಏನು ಸಂಬಂಧ ಎಂದು ಕೇಳಿದರೆ, ‘ಪಾಲಿಸಿ’ ಎಂಬ ಒಂದೇ ಮಂತ್ರ.

ಆ ಯಂತ್ರ ನನ್ನ ತಂಗಿ ಇಂದುವಿನದು. ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವಳು. ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಮುಂಚೆ ಅವಳ ಮಗಳು ಪ್ರಾಚಿ, ತಾಯಿಯಿಂದ ದಿನಗಟ್ಟಲೆ ಓದಿಸಿ ದನಿ ರೆಕಾರ್ಡ್ ಮಾಡಿಕೊಂಡಳು. ಟೈಪ್ ಮಾಡಿದ್ದನ್ನು ಇಂದುವಿನ ದನಿಯಲ್ಲೇ ನುಡಿಯುವ ಪ್ರೋಗ್ರಾಮನ್ನು ಗೆಳತಿಯರ ಜೊತೆ ಸೇರಿ ಸಿದ್ಧಪಡಿಸಿದಳು. ಅಂದಿನಿಂದ ತಂಗಿ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಲೆಕ್ಕ ತಪ್ಪಿದವರನ್ನು ಮೊದಲಿನಂತೆಯೇ ಬೈಯುತ್ತಿದ್ದಳು.

ಹೀಗಿರುವಾಗ ನಿಮ್ಮ ಸಂದೇಶ ಬಂತು: ಹೊಸ ಸಿಸ್ಟಮ್‌ಗೆ ಅಪ್‌ಗ್ರೇಡ್ ಆಗದಿದ್ದರೆ ವಿಸ್ತರಿತ ವಾರಂಟಿ ಅನ್ವಯಿಸದು. ಕೊಳ್ಳುವಾಗ ಈ ಷರತ್ತನ್ನು ಯಾರೂ ಉಸುರಿರಲಿಲ್ಲ. ಹೆದರಿ ಅಪ್‌ಗ್ರೇಡ್ ಮಾಡಿದೆವು. ಪ್ರೋಗ್ರಾಮ್ ಮೇಲೇಳಲೇ ಇಲ್ಲ. ತಂಗಿ ಕೀಲಿಗಳನ್ನು ಒತ್ತುತ್ತಲೇ ಇದ್ದಳು, ಎದುರಿಗೆ ಕುಳಿತ ಮಕ್ಕಳು ಕಾಯುತ್ತಲೇ ಇದ್ದರು. ಕೊನೆಗೆ ಹಲಗೆಯ ಮೇಲೆ ‘ಮನೀಗೆ ಹೋಗ್ರಿ’ ಎಂದು ಬರೆದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಸರ್ವಿಸ್ ಸೆಂಟರಿಗೆ ಓಡಿದೆ.

“ಸ್ಪೀಕರ್ ಛಲೋ ಅದರಿ ಸರ. ಆ ಪ್ರೋಗ್ರಾಮ್ ನಮ್ದಲ್ಲರಿ,” ಎಂದರು ಮ್ಯಾನೇಜರು.

“ಹಂಗಾದ್ರ ಹಳೇ ಸಿಸ್ಟಮ್ ವಾಪಸ್ ಹಾಕಿಕೊಡ್ರಿ.”

“ಹಾಕಿದ್ರ ವಾರಂಟಿ ಹೋಗ್ತದರಿ.”

“ಖರೇ ಹೇಳ್ರಿ, ನಿಮ್ಮ ತಂಗಿ ಆಗಿದ್ರ ಏನ್ ಮಾಡ್ತಿದ್ರಿ?”

ಅವರು ಮುಂದಿನ ಟೋಕನ್ ಕರೆದರು.

ಅಪ್‌ಗ್ರೇಡ್ ಮಾಡದಿದ್ದರೆ ವಾರಂಟಿ ಇಲ್ಲ. ಮಾಡಿ ಕೆಲಸ ಕೆಟ್ಟರೆ, ಆ ಕೇಡು ವಾರಂಟಿಗೆ ಸೇರದು. ಹಾಗಾದರೆ ನೀವು ನಮಗೆ ಮಾರಿದ್ದಾದರೂ ಏನನ್ನು, ಮಾನ್ಯರೇ? ಭರವಸೆ ಎಂಬ ಪದವನ್ನೇ?

ಮನೆಗೆ ಬಂದು ಹೇಳಿದೆ. ತಂಗಿ ಕಾಗದದ ಮೇಲೆ ಗೀಚಿದಳು: “ವಾರಂಟಿ ಹೋಗ್ಲಿ ಅಣ್ಣಾ. ನನಗ ನನ್ನ ದನಿ ಬೇಕು.” ಪ್ರಾಚಿ ಹಳೆಯ ಸಿಸ್ಟಮ್ಮನ್ನೇ ಮತ್ತೆ ಹಾಕಿದಳು. ಯಂತ್ರದಿಂದ ಮೊದಲು ಹೊರಟ ಮಾತು, “ಪ್ರಾಚಿ, ಅಳಬ್ಯಾಡ.” ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.

ಈಗ ಸಾಕೆಟ್ ಕೆಟ್ಟು, ಚಾರ್ಜ್ ಪೂರ್ತಿ ಇಳಿದು, ಮನೆ ಮತ್ತೆ ಮೂಕವಾಗಿದೆ. ಹೊರಗೆ ಮಾಡಿಸೋಣವೆಂದರೆ ಆ ಬಿಡಿಭಾಗವನ್ನು ನೀವು ಹೊರಗಿನವರಿಗೆ ಕೊಡುವುದಿಲ್ಲ. ಬೇರೆ ಲ್ಯಾಪ್‌ಟಾಪ್ ತರೋಣವೆಂದರೆ ಅಂಗಡಿಯಲ್ಲಿರುವುದೆಲ್ಲ ಹೊಸ ಸಿಸ್ಟಮ್ಮಿನದೇ, ಹಳೆಯದನ್ನು ಹಾಕಿದರೆ ಒಪ್ಪುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಒಳಗಿನ ಸಿಸ್ಟಮ್ಮನ್ನು ಮುಟ್ಟದೆ, ವಾರಂಟಿಯಲ್ಲೇ ಆ ಸಾಕೆಟ್ ಬದಲಿಸಿಕೊಡಿ. ಇನ್ನು ಮುಂದೆ ವಾರಂಟಿ ಮಾರುವ ಮುನ್ನ, ಅಪ್‌ಗ್ರೇಡಿನ ಷರತ್ತನ್ನು ಗಿರಾಕಿಯ ಮುಂದೆ ತಿಳಿಯುವ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿ. ರಿಪೇರಿಯಾದ ದಿನ ಫೋನ್ ಮಾಡಿ. ಇಂದುವಿಗೆ ನಿಮ್ಮ ಜೊತೆ ಮಾತಾಡುವುದಿದೆಯಂತೆ. ಬೈಸಿಕೊಳ್ಳಲು ಸಿದ್ಧರಾಗಿರಿ.

ಇಂತಿ,
ತಂಗಿಯ ಪಾಲಿನ ಜಗಳವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಿರುವ
ಯಜ್ಞೇಶ್ವರ, ರಾಯಾಪುರ